ಸೈದಪ್ಪನ ಅಜ್ಜನ ಗೇಣು

೨೧ ಫೆಬ್ರವರಿ ೧೯೪೩, ಅತನೂರ

ಇವತ್ತು ಮೂರು ಕಣ ಮುಗಿದವು. ಅಪ್ಪ ಮುಂದೆ ಮೊರ ಹಿಡಿದು, ನಾನು ಹಿಂದೆ ಚೀಲ ಹಿಡಿದು. ಬಡಿಗರ ಆಯ, ವರ್ಷದ ಕೂಲಿಯ ಕಾಳು. ವರ್ಷವಿಡೀ ರೈತರ ರಂಟಿ, ಕುಂಟಿ, ಕೂರಿಗಿ ಮಾಡಿಕೊಡುವುದು ನಮ್ಮ ಕೆಲಸ. ರಾಶಿಯ ದಿನ ಜೋಳ ಹಾಕುವುದು ಅವರ ಕೆಲಸ. ಮನೆಗೆ ಮೂರು ಮೊರ. ಒಂದು ಮೊರ ಎಂದರೆ ಎಷ್ಟು? ಹಾಕುವವನ ಮನಸ್ಸಿನಷ್ಟು. ಹುಲೆಪ್ಪ ಗುಡ್ಡ ಮಾಡಿ ಹಾಕಿದ. ಬೀರಲಿಂಗಪ್ಪ ಅಂಚಿನ ಮಟ್ಟಕ್ಕೆ ಸಾಪಾಟ ಹಾಕಿದ. ಸೈದಪ್ಪ ಗುಡ್ಡ ಮಾಡಿ ಹಾಕಿ, ಮೇಲಿನದನ್ನು ಅಂಗೈಯಿಂದ ಮತ್ತೆ ಕೆಳಗೆ ಸವರಿ, ನನ್ನ ಮುಖ ನೋಡಿ ನಕ್ಕು, ಮತ್ತೊಂದು ಬೊಗಸೆ ಹಾಕಿದ. ಪ್ರತಿ ವರ್ಷ ಇದೇ ಆಟ.

ಈ ವಹಿ ಸಿಕಂದರ ಕೊಟ್ಟದ್ದು. ನನ್ನ ಜೊತೆ ಸಾಲಿ ಕಲಿತವ, ಈಗ ಗಡಿಯ ಖಜೂರಿ ಸುಂಕದ ನಾಕಾದಲ್ಲಿ ಸಿಪಾಯಿ. ಬರೀ ಹಾಳೆ ಬಹಳ ಉಳಿದಿವೆ, ಏನಾದರೂ ಬರಿ ಅಂದ. ಏನು ಬರೆಯಲಿ... ಬೆನ್ನು ನೋಯುತ್ತಿದೆ ಅಂತ ಬರೆದೆ.

೨ ಮಾರ್ಚ್

ಆಳಂದದಿಂದ ಸುದ್ದಿ. ಜಗದೇವಪ್ಪನವರು ಹುಡುಗನನ್ನು, ಅಂದರೆ ನನ್ನನ್ನು, ನೋಡಬೇಕಂತೆ. ಹೋದ ವರ್ಷ ಅವರ ನೆರೆಮನೆಗೆ ಬಾಗಿಲು ಕೂಡಿಸಲು ಹೋಗಿದ್ದಾಗ ಅವರ ಮಗಳು ತುಳಜಾಬಾಯಿ ಉಳಿ ಮಸೆಯಲು ನೀರು ತಂದುಕೊಟ್ಟಿದ್ದಳು. ಉಳಿ ಹಿಡಿದ ಕೈಯನ್ನೇ ನೋಡುತ್ತಿದ್ದಳು. ಮುಖ ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ನೋಡಿದೆ.

ಅವ್ವ ಆಗಲೇ ಗೋಡೆ ಸಾರಿಸತೊಡಗಿದ್ದಾಳೆ.

೯ ಮಾರ್ಚ್, ಆಳಂದ

ಜಗದೇವಪ್ಪ ಕಚೇರಿಯಲ್ಲಿ ಚಪರಾಸಿ. ನಮ್ಮ ಬಡಿಗರೇ, ಆದರೆ ಬಾಚಿ ಮುಟ್ಟಿ ಇಪ್ಪತ್ತು ವರ್ಷವಾಯಿತು. ಚಹಾ ಕೊಟ್ಟರು. ಊರು, ಮಳೆ, ಜೋಳ — ಎಲ್ಲ ಕೇಳಿದರು. ಆಮೇಲೆ ಕಪ್ಪು ಕೆಳಗಿಟ್ಟು, ಪಗಾರ ಎಷ್ಟು ಅಂತ ಕೇಳಿದರು.

ಆಯ ಬರ್ತದ್ರಿ ಅಂದೆ.

ಎಷ್ಟು?

ಅಪ್ಪನ ಮುಖ ನೋಡಿದೆ. ಅಪ್ಪ ತೊಲೆ ನೋಡಿದ.

ಜಗದೇವಪ್ಪ ಸಿಟ್ಟಾಗಲಿಲ್ಲ. ಮೆತ್ತಗೆ ಹೇಳಿದರು: "ನಮ್ಮಪ್ಪ ಕಣಕ್ಕ ಹೋಗಿ ಮೊರ ಒಡ್ಡಿ ನಿಂತಿದ್ದನಪ್ಪಾ. ನಾ ಬಾಜೂಕ ಚೀಲ ಹಿಡಕೊಂಡು ನಿಂತಿದ್ದೆ. ನನಗ ಒಂಬತ್ತು ರೂಪಾಯಿ ಪಗಾರ ಅದ, ಭಾಳ ಇಲ್ಲ. ಆದ್ರ ಒಂದನೇ ತಾರೀಖಿಗಿ ಯಾರ ಮುಂದೂ ಏನೂ ಒಡ್ಡಂಗಿಲ್ಲ. ನನ್ನ ಮಗಳ ಗಂಡ ಕಣದಾಗ ನಿಲ್ಲಬಾರದು."

ದೀಪಾವಳಿ ತನಕ ತಿಂಗಳ ಪಗಾರದ ಕೆಲಸ ಹಿಡಿದರೆ ಮಾತಾಡೋಣ ಅಂದರು.

ಚೀಲ ಹಿಡಿದ ಮಾತು ಚುಚ್ಚಿತು. ನಾನೂ ಹಿಡಿದವನೇ.

೧೦ ಮಾರ್ಚ್, ಖಜೂರಿ

ಅಪ್ಪನನ್ನು ಊರಿಗೆ ಕಳಿಸಿ ಸಿಕಂದರನ ಹತ್ತಿರ ಬಂದೆ. ನೌಕರಿ ಎಂದರೆ ಏನು ಅಂತ ನೋಡಬೇಕಲ್ಲ. ದಿನವಿಡೀ ನಾಕಾದ ಬಿದಿರು ಎತ್ತುವುದು, ಇಳಿಸುವುದು. ಸೊಲ್ಲಾಪುರದ ಕಡೆಯಿಂದ ಬಂದ ಪ್ರತಿ ಬಂಡಿಯ ಚೀಲ ಬಿಚ್ಚಿ ನೋಡುವುದು. ಖಾಕಿ ಅಂಗಿ, ಪಟ್ಟಿ ಸುತ್ತಿದ ಕಾಲು. ದೂರದಿಂದ ದೊಡ್ಡ ಸಾಹೇಬನೇ.

ಪಗಾರ ಕೇಳಿದೆ.

"ಬಾರಾ ರೂಪಾಯಿ. ಬೈಗುಳ ಮುಫತ್."

ಮನಸ್ಸಿಗೆ ಹೆಂಗದ ಅಂತಲೂ ಕೇಳಿದೆ. ಅವನವ್ವ ಪ್ಯಾರಿಬಿ ಊರಲ್ಲಿ ಎಲ್ಲರಿಗೂ ಮಗನ ಅಂಗಿಯ ಗುಂಡಿ ಎಷ್ಟು ಹೊಳೆಯುತ್ತವೆ ಅಂತ ಹೇಳುತ್ತಾಳಂತೆ. ಅದು ಖುಷಿ. ಆದರೆ ಬಂಡಿಯವರು ಯಾರೂ ತನ್ನ ಜೊತೆ ಕೂತು ರೊಟ್ಟಿ ತಿನ್ನುವುದಿಲ್ಲವಂತೆ.

ಇಬ್ಬರೂ ಕೂತು ತಿಂದೆವು. ಅವನಿಗೆ ಬಹಳ ಹಸಿವೆ ಇತ್ತು.

೬ ಎಪ್ರಿಲ್, ಯುಗಾದಿ ಮರುದಿನ

ಶಿವರಾಯ ಮಾವ ಸೊಲ್ಲಾಪುರದಿಂದ ಬಂದಿದ್ದಾನೆ. ಗಿರಣಿಯಲ್ಲಿ ಇಪ್ಪತ್ತೆರಡು ರೂಪಾಯಿ, ಅದೂ ಕಲದಾರ. ಇಂಗ್ರೇಜಿ ರೂಪಾಯಿ — ಗಡಿ ದಾಟಿ ಬಂದರೆ ನಮ್ಮ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿಗಿಂತ ತೂಕ ಜಾಸ್ತಿ. ರವಿವಾರ ಸಿನಿಮಾ. ಮಾವ ಮಾತಾಡುವುದು ಈಗ ಕೂಗಿದ ಹಾಗೆ. ಮಗ್ಗದ ಸದ್ದಿನಲ್ಲಿ ಕಿವಿ ಹೋಗಿದೆ. ಅವ್ವ ಹೋಳಿಗೆ ಹಾಕಲೇನು ಅಂತ ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳದೆ ಹಾಕಿದಳು.

ಮಾವನಿಗೆ ಮನಸ್ಸಿನ ಪ್ರಶ್ನೆ ಕೇಳಲಿಲ್ಲ. ಕೂಗಿ ಕೇಳುವಂಥದಲ್ಲ ಅದು.

ದತ್ತಪ್ಪ ಮಾಸ್ತರರನ್ನು ಮಾತ್ರ ಕೇಳಿದೆ. ನನಗೆ ಅಕ್ಷರ ಕಲಿಸಿದವರು. ಹದಿನೈದು ರೂಪಾಯಿ. ಈ ಸಾಲಿಯಲ್ಲಿ ಹತ್ತೇ ಕೊಟ್ಟಿದ್ದರೂ ಬರುತ್ತಿದ್ದೆ ಅಂದರು. ಆಮೇಲೆ ಆಚೀಚೆ ನೋಡಿ, ಇದನ್ನು ಮ್ಯಾಲಿನವರಿಗೆ ಹೇಳಬ್ಯಾಡ ಅಂದರು.

೨೬ ಎಪ್ರಿಲ್, ಜೇವರ್ಗಿ

ಸಿಕ್ಕಿತು! ಲಡಾಯಿಗೆ ಸಾಮಾನು ಕಳಿಸುವ ಮರದ ಪೆಟ್ಟಿಗೆ ಮಾಡುವ ಒಂದು ಗುತ್ತಿಗೆದಾರನ ಶೆಡ್ಡು. ಮಿಸ್ತ್ರಿ ಕೆಲಸ. ತಿಂಗಳಿಗೆ ಇಪ್ಪತ್ತು ರೂಪಾಯಿ. ಶುಕ್ರವಾರ ರಜಾ. ಮಾಸ್ತರರಿಗಿಂತ ಹೆಚ್ಚು — ಬರೆಯಲಿಕ್ಕೆ ನಾಚಿಕೆ, ಆದರೂ ಎರಡು ಸಲ ಓದಿಕೊಂಡೆ.

ಆಳಂದಕ್ಕೆ ಕಾಗದ ಹಾಕಿದೆ.

೧೪ ಮೇ

ಪೆಟ್ಟಿಗೆ. ಎರಡು ಫೂಟು ಉದ್ದ, ಒಂದು ಫೂಟು ಅಗಲ, ಒಂದು ಫೂಟು ಎತ್ತರ. ದಿನಕ್ಕೆ ಹದಿನಾಲ್ಕು. ನಿನ್ನೆಯದೂ ಇವತ್ತಿನದೂ ಅದೇ. ಎಲ್ಲಿಗೆ ಹೋಗುತ್ತವೆ, ಒಳಗೆ ಏನು ತುಂಬುತ್ತಾರೆ, ಯಾರು ಬಿಚ್ಚುತ್ತಾರೆ — ಕೇಳಿದರೆ ಕೆಲಸ ನೋಡಿಕೊಳ್ಳುವ ಮುಕಾದಮ ನಕ್ಕ.

ಫೂಟಪಟ್ಟಿ ಮಾತ್ರ ಚಂದ. ಹಳದಿ, ಮಡಚಿ ಕಿಸೆಯಲ್ಲಿಡಬಹುದು. ಅದರ ಫೂಟು ಎಲ್ಲರಿಗೂ ಒಂದೇ. ನಮ್ಮ ಪಡಸಾಲೆಯ ತೊಲೆಗೆ ನಲವತ್ತೆರಡು ಅಳತೆಕೋಲು ತೂಗುತ್ತವೆ, ಮನೆಗೊಂದು, ಒಂದರ ಹಾಗೆ ಇನ್ನೊಂದಿಲ್ಲ. ಆಯಾ ಮನೆಯ ಯಾವನೋ ಹಿರಿಯನ ಗೇಣು, ಅದರ ಮೇಲೆ ನಾಲ್ಕು ಬೆರಳು. ಅದು ಅವರ ಹೊಲದಲ್ಲಿ ಎರಡು ಸಾಲುಗಳ ನಡುವಿನ ಜಾಗ. ಎಲ್ಲಕ್ಕೂ ಉದ್ದದ್ದು ಸೈದಪ್ಪನ ಮನೆಯದು. ಅವನ ಅಜ್ಜನ ಕೈ ಮೊರದಷ್ಟಿತ್ತಂತೆ. ಇಷ್ಟು ಕೋಲು ಕಾಯುವುದಕ್ಕಿಂತ ಒಂದು ಫೂಟಪಟ್ಟಿ ಸಾಕಲ್ಲ ಅನಿಸಿತು.

೨೮ ಮೇ, ಶುಕ್ರವಾರ

ಅಪ್ಪ ಹೇಳಿ ಕಳಿಸಿದ್ದಾನೆ. ಬಾಚಿ ಜಾರಿ ಎಡಗೈ ಹೆಬ್ಬೆರಳಿಗೆ ಪೆಟ್ಟಾಗಿದೆ. ಮುಂಗಾರಿಯ ಉಳಿದ ಕೆಲಸ ಹೇಗೋ ಮುಗಿಸುತ್ತಾನೆ, ಸೈದಪ್ಪನಿಗೆ ಬಿತ್ತುವ ಹೊಸ ಕೂರಿಗಿಯೊಂದನ್ನು ನಾನೇ ಮಾಡಿ ಕಳಿಸಬೇಕು. ಜೊತೆಗೆ ಅವನ ಮನೆಯ ಕೋಲನ್ನೂ ಬಂಡಿಯವನ ಕೈಯಲ್ಲಿ ಕಳಿಸಿದ್ದಾನೆ.

ಜಾಲಿ ಕಟ್ಟಿಗೆ ಸಿಕ್ಕಿತು. ಕೂರಿಗಿಯ ಅಡ್ಡ ದಿಂಡಿಗೆ, ಸಾಲಿಗೊಂದರಂತೆ, ನಾಲ್ಕು ತೂತು ಹೊಡೆದೆ. ತೂತಿನಿಂದ ತೂತಿಗೆ ಸರಿಯಾಗಿ ಒಂದು ಫೂಟು. ಕೋಲು ಮೂಲೆಯಲ್ಲಿತ್ತು. ಮುಟ್ಟಲಿಲ್ಲ. ಬೀಜ ಬಿಡುವ ಬಟ್ಟಲಂತೂ ಬಹಳ ನಾಜೂಕಾಗಿ ಬಂತು. ಮುಕಾದಮನೂ ಬಂದು ನೋಡಿದ. ಪೆಟ್ಟಿಗೆ ಮಾಡುವಾಗ ಒಮ್ಮೆಯೂ ನಿಂತು ನೋಡಿದವನಲ್ಲ.

೩ ಜುಲೈ

ಒಂದನೇ ತಾರೀಖಿಗೆ ಎರಡನೇ ಪೂರಾ ಪಗಾರ. ಅವ್ವನಿಗೆ ಸೀರೆ ತೆಗೆದಿಟ್ಟೆ. ಜಗದೇವಪ್ಪನವರ ಉತ್ತರವೂ ಬಂದಿದೆ — ದೀಪಾವಳಿ ಮುಗಿಯುತ್ತಲೇ ಮದುವೆ ಗೊತ್ತು ಮಾಡಿ ಸಕ್ಕರೆ ಹಂಚೋಣ.

ಮೂರು ದಿನದಿಂದ ಮೊಳೆ ಹೊಡೆಯುವಾಗ ಹಾಡು ಬರುತ್ತಿದೆ. ಪೆಟ್ಟಿಗೆಯ ಮೇಲೂ ಪ್ರೀತಿ ಬಂದುಬಿಟ್ಟಿದೆ.

೧೧ ಜುಲೈ

ಸೈದಪ್ಪ ಬಂದ. ಅತನೂರಿನಿಂದ ಜೇವರ್ಗಿಗೆ, ತಾನೇ. ಶೆಡ್ಡಿನ ಮುಂದೆ ಕೂತ, ಎಲೆ ಹಾಕಿಕೊಂಡ, ಪೆಟ್ಟಿಗೆಗಳನ್ನು ಎಣಿಸಿದ. ಆಮೇಲೆ:

"ಮೋನಪ್ಪ, ಸಜ್ಜಿ ಚಲೋ ಎದ್ದದಪ್ಪಾ. ಸಾಲು ನೋಡಿದ್ರ ದಾರ ಹಿಡಿದಂಗ ಅದಾವ. ಆದ್ರ ನನ್ನ ಎಡಿಕುಂಟಿ ಸಾಲಿನಾಗ ಹೋಗವಲ್ಲದು."

ಬಗ್ಗಿದವ ಹಾಗೇ ನಿಂತೆ.

ಬಿತ್ತುವ ಕೂರಿಗಿಗೂ ಅದೇ ಕೋಲು, ಆಮೇಲೆ ಸಾಲಿನ ನಡುವೆ ಕಸ ಕೀಳುವ ಎಡಿಕುಂಟಿಗೂ ಅದೇ ಕೋಲು. ಎರಡೂ ಹೊಂದಬೇಕು. ಅವನ ಎಡಿಕುಂಟಿಗಳು ಅಜ್ಜನ ಗೇಣಿನವು. ನನ್ನ ಕೂರಿಗಿ ಫೂಟಪಟ್ಟಿಯದು. ಒಂದೂವರೆ ಇಂಚು ಕಡಿಮೆ. ಈಗ ಎಡಿ ಹೊಡೆದರೆ ಅದರ ಕಬ್ಬಿಣದ ತಾಳು ಕಸವನ್ನಷ್ಟೇ ಅಲ್ಲ, ಸಜ್ಜೆಯನ್ನೂ ಕೊಯ್ಯುತ್ತದೆ. ಹೊಡೆಯದಿದ್ದರೆ ಕಸ ತಿನ್ನುತ್ತದೆ. ಆರು ಎಕರೆ.

ಬೈಯಲಿ ಅಂತ ಕಾದೆ. ಬೈಯಲಿಲ್ಲ. ನಮ್ಮಜ್ಜ ಸತ್ತು ನಲವತ್ತು ವರ್ಷ ಆತು, ಇನ್ನೂ ಕೈ ಬಿಟ್ಟಿಲ್ಲ ನೋಡು — ಅಂದು ಎಲೆ ಉಗುಳಿದ.

೧೨ ಜುಲೈ

ಊರಿಗೆ ಹೋಗಿ ಬೇರೆ ಎಡಿಕುಂಟಿ ಮಾಡಿಕೊಡಲು ಐದು ದಿನ ರಜಾ ಕೇಳಿದೆ. ಮಾಲು ಕಳಿಸುವ ವಾರ, ಹೋದರೆ ಮತ್ತೆ ಬರಬ್ಯಾಡ ಅಂದ ಮುಕಾದಮ. ಅವನದೂ ತಪ್ಪಲ್ಲ. ಅವನಿಗೂ ಮೇಲೊಬ್ಬ ಇದ್ದಾನೆ.

ಹೊರಗೆ ಬೇವಿನ ಕೆಳಗೆ ಕೂತೆ. ಈ ಕಡೆ ಇಪ್ಪತ್ತು ರೂಪಾಯಿ, ಅದರ ಹಿಂದೆ ತುಳಜಾಬಾಯಿ. ಆ ಕಡೆ ಸಜ್ಜೆ. ಬೇರೆ ಬಡಿಗರನ್ನು ಹುಡುಕಿಕೊಳ್ಳಿ ಅಂತ ಹೇಳಬಹುದಿತ್ತು. ಬಾಯಿಗೂ ಬಂತು. ಆದರೆ ಆ ತೂತು ಹೊಡೆದದ್ದು ನನ್ನ ಕೈ.

ಫೂಟಪಟ್ಟಿ ಒಳಗೆ ಇಟ್ಟು ಬಂದೆ. ಕೋಲು ಕಂಕುಳಲ್ಲಿ.

೧೭ ಜುಲೈ, ಅತನೂರ

ಬಿತ್ತಿದ ಸಾಲನ್ನೇ ಅಳೆದು, ಆ ಅಗಲಕ್ಕೆ ಮೂರು ಹೊಸ ಎಡಿಕುಂಟಿ. ಕಮ್ಮಾರ ತಾಳು ಕಡಿದು ಕೊಟ್ಟ, ನಾನು ದಿಂಡು ಕೆತ್ತಿದೆ. ಅಪ್ಪ ಕಟ್ಟಿದ ಹೆಬ್ಬೆರಳು ಎತ್ತಿ ಹಿಡಿದು ಪಕ್ಕದಲ್ಲಿ ಕೂತು ತಪ್ಪು ಹುಡುಕಿದ. ಇವತ್ತು ಸೈದಪ್ಪನ ಎತ್ತು ಮೊದಲ ಸಾಲು ಇಳಿದವು. ನಾನು ಹಿಂದೆ ಹಿಂದೆ ಬಗ್ಗಿಕೊಂಡು ನಡೆದೆ. ತಾಳು ಸಸಿಯ ಬುಡಕ್ಕೆ ಎರಡು ಬೆರಳು ಬಿಟ್ಟು ಹೋಯಿತು. ಕಸ ಮಗ್ಗುಲಾಗಿ ಬಿತ್ತು. ಸಜ್ಜೆ ನಿಂತಿತು. ಇನ್ನೊಂದು ಸಾಲು. ನಿಂತಿತು.

ಬದುವಿನ ಮೇಲೆ ಕೂತು ಅತ್ತೆ. ಸ್ವಲ್ಪ. ಬರೆದೇ ಬಿಟ್ಟೆ — ಯಾರು ಓದುತ್ತಾರೆ.

೨ ಆಗಸ್ಟ್, ಆಳಂದ

ಸುದ್ದಿ ಬೇರೆಯವರಿಂದ ಹೋಗಬಾರದು ಅಂತ ನಾನೇ ಬಂದೆ. ನೌಕರಿ ಬಿಟ್ಟೆ ಅಂದೆ. ಯಾಕೆ ಅಂತ ಕೇಳಿದರು, ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಬಿಡದೆ ಹೇಳಿದೆ.

ಜಗದೇವಪ್ಪ ಬಹಳ ಹೊತ್ತು ಮೀಸೆ ಸವರಿದರು. ಇನ್ನೊಂದು ಕಡೆಯಿಂದಲೂ ಕೇಳುತ್ತಿದ್ದಾರೆ ಅಂದರು. ಹುಡುಗ ಕಚೇರಿಯಲ್ಲಿದ್ದಾನೆ, ಹನ್ನೊಂದು ರೂಪಾಯಿ. ತಮ್ಮ ತಂಗಿ ಕಾಶಿಬಾಯಿಯ ಹತ್ತಿರ ಮಾತಾಡಿ ಹೇಳಿ ಕಳಿಸುತ್ತೇನೆ ಅಂದರು. ಹೇಳಿ ಕಳಿಸುವುದು ಎಂದರೆ ಏನು ಅಂತ ನನಗೆ ಗೊತ್ತು.

ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲ ಮರೆಯಿಂದ ತುಳಜಾಬಾಯಿ ಕೇಳಿದಳು:

"ಸಜ್ಜಿ ಉಳೀತೇನ್ರಿ?"

ಅಷ್ಟೇ. ಇಷ್ಟು ಜನ ಇಷ್ಟು ಕೇಳಿದರು. ಇದನ್ನು ಯಾರೂ ಕೇಳಿರಲಿಲ್ಲ.

ಉಳೀತ್ರಿ ಅಂದೆ.

೩೧ ಅಕ್ಟೋಬರ್, ಅತನೂರ

ಮೂರು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದು ಇರಲಿಲ್ಲ. ಹಿಂಗಾರಿಯ ಕೂರಿಗಿ, ಕುಂಟಿ. ಎಲ್ಲ ಕೋಲಿನ ಅಳತೆಗೆ.

ಇವತ್ತು ಮುಂಜಾನೆ ಜಗದೇವಪ್ಪ ಮತ್ತು ಕಾಶಿಬಾಯಿ ಮನಿ ನೋಡಾಕ ಬಂದರು! ತಂಗಿ ಹಟ ಹಿಡಿದಳಂತೆ. ಬ್ಯಾಡ ಅನ್ನಬೇಕಂದ್ರ ಮನಿ ನೋಡಿ ಬ್ಯಾಡ ಅನ್ನು ಅಂದಳಂತೆ. ಕಾಶಿಬಾಯಿ ಒಲೆ ನೋಡಿದಳು, ಹಿತ್ತಲು ನೋಡಿದಳು, ಅವ್ವನ ರೊಟ್ಟಿ ಮುರಿದು ನೋಡಿದಳು. ಜಗದೇವಪ್ಪ ಪಡಸಾಲೆಯಲ್ಲೇ ಕೂತರು.

ಆಗ ಸೈದಪ್ಪ ಬಂದ. ತಲೆಯ ಮೇಲೆ ಚೀಲ. ಅವನ ಹಿಂದೆ ಹುಲೆಪ್ಪ, ಅವನ ತಲೆಯ ಮೇಲೂ. ಸಜ್ಜೆಯ ರಾಶಿ ನಿನ್ನೆ ಮುಗಿದಿತ್ತು. ನಾವು ಕಣಕ್ಕೆ ಹೋಗುವ ಮೊದಲೇ ಆಯ ಹೊತ್ತು ತಂದಿದ್ದಾರೆ. ಅಪ್ಪ ಎದ್ದು ನಿಂತುಬಿಟ್ಟ. ಅರವತ್ತು ವರ್ಷದಲ್ಲಿ ಕಣ ನಮ್ಮ ಬಾಗಿಲಿಗೆ ಬಂದದ್ದಿಲ್ಲ.

ಸೈದಪ್ಪ ಚೀಲ ಇಳಿಸಿದ. ಬೀಗರಾಗುವವರು ಅಂತ ಗೊತ್ತಾಯಿತು. ಪಗಾರದ ಮಾತು ಊರಿಗೆಲ್ಲ ಗೊತ್ತಿದ್ದದ್ದೇ. ಅವನಿಗೆ ತಡೆಯಲಾಗಲಿಲ್ಲ.

"ಇವ ನನ್ನ ಹೊಲ ಕೆಡಿಸಿದವ್ರಿ ಸಾವಕಾರ್ರ. ಕೆಡಿಸಿ, ಇಪ್ಪತ್ತು ರೂಪಾಯಿ ಬಿಟ್ಟು ಓಡಿ ಬಂದು ನೆಟ್ಟಗ ಮಾಡಿದ. ಪಗಾರದವ್ರು ತಪ್ಪಿದ್ರ ಸಾಹೇಬಗ ಅಂಜತಾರ. ಇವ ಸಜ್ಜಿಗಿ ಅಂಜ್ಯಾನ. ಇಂಥವನ್ನ ಕಣದಾಗ ನಿಲ್ಲಸೂದು ನಮಗೂ ಬರೋಬರಿ ಅಲ್ಲ. ಇನ್ನ ಮುಂದ ನಾವೇ ತರ್ತೇವಿ."

ಹುಲೆಪ್ಪ, ಎಲ್ಲರೂ ತರಂಗಿಲ್ಲ, ಬೀರಲಿಂಗಪ್ಪನ್ನ ನಂಬಬ್ಯಾಡ್ರಿ ಅಂದ. ಎಲ್ಲರೂ ನಕ್ಕರು. ಜಗದೇವಪ್ಪ ನಗಲಿಲ್ಲ. ಚೀಲ ನೋಡುತ್ತಿದ್ದರು. ಆಮೇಲೆ ಎದ್ದು ಗೋಡೆಗಿದ್ದ ಬಾಚಿ ತೆಗೆದರು. ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿದರು, ನಮ್ಮವರು ನೋಡುವ ಹಾಗೆಯೇ, ಅಡ್ಡಲಾಗಿ. ಇಪ್ಪತ್ತು ವರ್ಷವಾದರೂ ಕೈ ಮರೆತಿಲ್ಲ.

ಚಲೋ ಮಸದೀಯಪ್ಪಾ ಅಂದರು.

ಬಾಚಿ ಗೋಡೆಗಿಟ್ಟು ಬಂಡಿ ಹತ್ತಿದರು.

೧೪ ನವೆಂಬರ್

ಕಾಶಿಬಾಯಿ ಒಬ್ಬಳೇ ಬಂದಿದ್ದಾಳೆ. ಸೆರಗಿನಲ್ಲಿ ಸಕ್ಕರೆ, ಕೈಯಲ್ಲಿ ಉದ್ದನೆಯ ಬೇವಿನ ಕೋಲು. ಸಕ್ಕರೆ ಅವ್ವನಿಗೆ. ಕೋಲು ನನಗಂತೆ. ಮೇಲ್ಭಾಗದಲ್ಲಿ ಒಂದು ಕಚ್ಚು, ಕುಡುಗೋಲಿನಿಂದ ಹಾಕಿದ್ದು, ಸ್ವಲ್ಪ ಸೊಟ್ಟ.

"ತುಳಜಾ ಕೊಟ್ಟಾಳ. ಆಕಿ ಕೈ ಇಲ್ಲೀತನ ಮುಟ್ಟತದಂತ. ಅಡಗಿಮನಿ ಹಲಗಿ ಇದಕ್ಕಿಂತ ಮ್ಯಾಲ ಇರಬಾರದಂತ ನೋಡು."

ಅವ್ವ ಎತ್ತರದ ಹೆಂಗಸು. ನಮ್ಮ ಹಲಗೆ ಆ ಕಚ್ಚಿಗಿಂತ ನಾಲ್ಕು ಬೆರಳು ಮೇಲಿದೆ. ಕೋಲನ್ನು ಗೋಡೆಗೆ ಹಿಡಿದು ಇದ್ದಿಲಿನಿಂದ ಗೆರೆ ಎಳೆದೆ. ನಲವತ್ಮೂರನೆಯ ಕೋಲು, ತೊಲೆಗೆ ಇನ್ನೊಂದು ಗೂಟ ಬೇಕು. ಮೊದಲು ಹಲಗೆ. ಒಂದು ಮೊಳೆ ಕಿತ್ತಿದ್ದೇನೆ, ಇನ್ನೊಂದು ಅಲುಗಾಡುತ್ತಿದೆ, ಅವ್ವ ಗಡಿಗೆ ಇಳಿಸಿಕೊಡು ಅಂತ ಕೂಗು—