ನಿನ್ನ ಹೆಸರಿಗೆ ಬರೆದ ರೋಗ

ಶಹಾಬಾದ,
ಗುರುವಾರ, 6 ಫೆಬ್ರವರಿ 2025

ಪ್ರೀತಿಯ ಅವ್ವಾ,

ನಿನ್ನ ಸಣ್ಣ ಮಗ ರೇವಣಸಿದ್ದ ಇಲ್ಲಿಂದಲೇ ನಿನ್ನ ಪಾದಕ್ಕೆ ಹಣೆ ಹಚ್ಚುತ್ತಾನೆ. ಮೊಣಕಾಲು ಹೇಗಿದೆ? ಕಾಶಪ್ಪ ಮಾವನ ಹೊಲದಲ್ಲಿ ಈಗ ಕಡಲೆ ಕೀಳುತ್ತಿರಬೇಕು. ತಮ್ಮನ ಮನೆಯಲ್ಲಿ ಕೂತು ಉಣ್ಣಲು ಮನಸ್ಸು ಒಪ್ಪದೆ ನೀನೂ ಹೊಲಕ್ಕೆ ಹೋಗುತ್ತಿರುತ್ತಿ, ನನಗೆ ಗೊತ್ತು. ಕಡಲೆ ಗಿಡದ ಹುಳಿಗೆ ನಿನ್ನ ಬೆರಳು ಸೀಳುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿಕೋ. ಬಿಪಿ ಗುಳಿಗೆ ತಪ್ಪಿಸಬೇಡ. ಗುಳಿಗೆ ತಪ್ಪಿಸಿದರೆ ಏನಾಗುತ್ತದೆಂದು ನನ್ನನ್ನು ನೋಡಿ ಕಲಿತವಳು ನೀನು. ಇಲ್ಲಿ ಅಣ್ಣ, ಜಗದೇವಿ ವೈನಿ ಇಬ್ಬರೂ ಆರಾಮಿದ್ದಾರೆ. ಅಣ್ಣ ದಿನಾ ಬೆಳಗಿನ ಗಾಡಿಗೆ ಸೇಡಂಗೆ ಹೋಗಿ, ಮೇಷ್ಟ್ರಾಗುವವರಿಗೆ ಪಾಠ ಹೇಳಿ ಸಂಜೆ ಬರುತ್ತಾನೆ. ನೀನು ಹಿತ್ತಲಲ್ಲಿ ಹಾಕಿದ ಅವರೆ ಬಳ್ಳಿಗೆ ಹೇನು ಬಿದ್ದಿತ್ತು. ಬೂದಿ ಉದುರಿಸಿದೆ, ಉಳಿದುಕೊಂಡಿತು.

ಮಾವನ ಫೋನಿಗೆ ನಾಲ್ಕು ಸಲ ಮಾಡಿದೆ. ನಾಲ್ಕೂ ಸಲ ಒಂದೇ ಮಾತು: "ನಿಮ್ಮಣ್ಣ ಮಾತಾಡಸಬ್ಯಾಡ ಅಂದಾನಪಾ. ನೀ ಮದಲ ಪೂರಾ ಆರಾಮಾಗು." ಆಮೇಲೆ ಫೋನ್ ಇಟ್ಟುಬಿಡುತ್ತಾನೆ. ನಾಲ್ಕನೇ ಸಲ ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು. ನೀನು ಹತ್ತಿರದಲ್ಲೇ ಇದ್ದೆ, ಆದರೂ ಕೈಯಲ್ಲಿ ಫೋನ್ ತೆಗೆದುಕೊಳ್ಳಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನನ್ನ ಜೊತೆ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿದ್ದ ಹಾಜಿಮಲಂಗ್ ಈಗ ಲಾರಿ ಓಡಿಸುತ್ತಾನೆ, ನೆನಪಿದೆಯಲ್ಲ? ಮಾವನ ಊರ ಪಕ್ಕದ ಚಿಂಚೋಳಿಯ ಒಂದು ಮನೆಗೆ ಇವತ್ತು ಹಾಸುಗಲ್ಲು ಒಯ್ಯುತ್ತಿದ್ದಾನೆ. ನಿನ್ನ ಕೈಗೇ ಕೊಡು ಎಂದಿದ್ದೇನೆ. ನಾಲ್ಕನೇ ಇಯತ್ತೆ ಕಲಿತಿದ್ದಿ. ನಿಧಾನಕ್ಕೆ ಓದು, ಬೇರೆಯವರ ಕೈಗೆ ಕೊಡಬೇಡ.

ನೀನು ಹೋಗಿ ಎರಡು ತಿಂಗಳಾಯಿತು. ಆ ದಿನ ಅಣ್ಣ ನಿನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದಾಗ ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಾನು ಮಲಗಿದ್ದೇನೆಂದು ನೀವಿಬ್ಬರೂ ತಿಳಿದಿದ್ದಿರಿ. ಮಕ್ಕಳ ಮನಸ್ಸಿನ ಬಗ್ಗೆ ಮೂರು ದಿನದ ತರಬೇತಿಗೆ ಹೋಗಿ ಬಂದವನು, ಅಲ್ಲಿ ಕೊಟ್ಟ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದ್ದ. ನನಗೆ ಬಂದಂಥ ಮನಸ್ಸಿನ ರೋಗ ಬರುವುದು ತಾಯಿಯಿಂದಂತೆ. ಬಾಯಲ್ಲಿ ಒಂದು, ಮುಖದಲ್ಲಿ ಒಂದು ಹೇಳುವ ತಾಯಿಯಿಂದಂತೆ. ಹತ್ತಿರ ಬಂದರೆ ದೂಡಿ, ದೂರ ಹೋದರೆ ಎಳೆದು, ಯಾವುದನ್ನು ನಂಬಬೇಕೆಂದು ತಿಳಿಯದೆ ಮಗುವಿನ ತಲೆ ಸೀಳುವ ತನಕ ಬಿಡದವಳಿಂದಂತೆ. ಎಷ್ಟು ತಿಂಗಳಿಗೆ ಎದೆಹಾಲು ಬಿಡಿಸಿದೆ ಎಂದು ಕೇಳಿದ. ಎಷ್ಟು ಹೊಡೆದೆ ಎಂದು ಕೇಳಿದ. ಮೂವತ್ತು ವರ್ಷದ ಹಿಂದಿನದನ್ನು ನೀನು ಬೆರಳು ಮಡಿಚುತ್ತಾ ನೆನಪು ಮಾಡಿ ಹೇಳಿದೆ. ಕೊನೆಗೆ, ಅವನು ಕೇಳದೇ ಇದ್ದದ್ದನ್ನೂ ಹೇಳಿದೆ.

"ಖರೇ ಹೇಳಿದ್ರ ನನ್ನ ಮಗ ಆರಾಮ ಆಗ್ತಾನಂದ್ರ ಅದನ್ನೂ ಹೇಳ್ತೀನಿ. ಇವ ಹೊಟ್ಟ್ಯಾಗ ನಿಂತಾಗ ನಂಗ ಬ್ಯಾಡಾಗಿತ್ತು. ನಿಮ್ಮಪ್ಪ ಹಾಸಿಗಿ ಹಿಡದಿದ್ದ. ಒಂದು ತಿಂಗಳು ಹಂಗ ಅನಿಸಿತ್ತು ನೋಡು. ಆಮ್ಯಾಲ ಇಲ್ಲ."

ಅಣ್ಣ ಅದನ್ನು ಬರೆದುಕೊಂಡ. ಪೆನ್ನಿನ ಸಪ್ಪಳ ನನಗೆ ಬಾಗಿಲ ತನಕ ಕೇಳಿಸಿತು. "ನಿನ್ನ ಮ್ಯಾಲ ನಂಗ ಸಿಟ್ಟಿಲ್ಲವ್ವಾ, ನಿನಗ ತಿಳೀಲಿಲ್ಲ. ಆದ್ರ ಬುಡ ಇಲ್ಲೇ ಅದ" ಎಂದ. ನೀನು ಹೌದೆಂದು ತಲೆ ಆಡಿಸಿದೆ.

ಆ ಮಾತು ಕೇಳಿ ನನಗೆ ನೋವಾಯಿತೇ? ಆಯಿತು, ಸುಳ್ಳು ಯಾಕೆ ಬರೆಯಲಿ. ಆದರೆ ಅವ್ವಾ, ಬೇಡವೆನಿಸಿದ್ದು ಒಂದು ತಿಂಗಳು, ಸಾಕಿದ್ದು ಮೂವತ್ತೊಂದು ವರ್ಷ. ಅಣ್ಣನ ಹಾಳೆಯಲ್ಲಿ ಆ ಒಂದು ತಿಂಗಳಿಗೆ ಜಾಗವಿತ್ತು, ಮೂವತ್ತೊಂದು ವರ್ಷಕ್ಕೆ ಇರಲಿಲ್ಲ.

ನೀನು ತಪ್ಪೇ ಮಾಡದವಳು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅಪ್ಪ ತೀರಿದ ಮೇಲೆ "ಎಲ್ಯಾರೆ ಹೋಗಿ ದುಡಿ, ಮನ್ಯಾಗ ಬಿದ್ದಿರಬ್ಯಾಡ" ಎಂದು ಬೈದವಳೂ ನೀನೇ, ನಾನು ಸೊಲ್ಲಾಪುರಕ್ಕೆ ಹೊರಟು ಚೀಲ ಕಟ್ಟಿದಾಗ ಅದನ್ನು ಹಿಡಿದು ಅತ್ತವಳೂ ನೀನೇ. ಅಣ್ಣ ಎರಡು ನಾಲಿಗೆ ಎಂದದ್ದು ಅದನ್ನೇ. ಸರಿ, ಎರಡು ನಾಲಿಗೆ. ಅದೇ ಎರಡು ನಾಲಿಗೆಯಿಂದ ಅಣ್ಣ ರಮೇಶಕುಮಾರನನ್ನೂ ಬೆಳೆಸಿದೆಯಲ್ಲ? ಬಿ.ಎಡ್. ಓದಲು ಕಲಬುರಗಿಗೆ ಹೋಗುವಾಗ ಅವನ ಚೀಲವನ್ನೂ ಹಿಡಿದು ಅತ್ತಿದ್ದೆಯಲ್ಲ? ಅವನು ಪಾಠ ಹೇಳುವವನಾದ, ನಾನು ಹೀಗಾದೆ. ಇದನ್ನು ಅವನಿಗೆ ಕೇಳಿದೆ. "ನೀ ಮದಲಿಂದ ಸೂಕ್ಷ್ಮ ಇದ್ದಿ" ಎಂದ. ಹಾಗಾದರೆ ಆ ಸೂಕ್ಷ್ಮ ಎಲ್ಲಿಂದ ಬಂತು ಎಂದೆ. "ಇದ ನೋಡು, ನೀ ಹಿಂಗ ವಾದ ಮಾಡ್ತಿ ಅಂದ್ರ ಗುಳಿಗಿ ಡೋಸ್ ಹೆಚ್ಚು ಮಾಡಬೇಕಾಗ್ತದ" ಎಂದ. ರೋಗ ಬಂದವನ ಪ್ರಶ್ನೆಯೂ ರೋಗದ ಲೆಕ್ಕಕ್ಕೇ ಸೇರುತ್ತದೆ, ಅವ್ವಾ.

ರೋಗ ಶುರುವಾದದ್ದು ಹೇಗೆಂದು ಇವತ್ತಿನ ತನಕ ಯಾರೂ ನನ್ನನ್ನು ಕೇಳಿಲ್ಲ. ಆಗ ನನಗೆ ಇಪ್ಪತ್ತೆರಡು. ಪಾಲಿಶ್ ಯಂತ್ರದ ಗದ್ದಲದೊಳಗೆ ಇಬ್ಬರು ಗಂಡಸರು ಮಾತಾಡುವುದು ಕೇಳಿಸಿತು. "ಈಗ ಕಲ್ಲೆತ್ತಿದ, ಈಗ ನೀರು ಕುಡದ" ಎಂದು ನಾನು ಮಾಡಿದ್ದನ್ನೆಲ್ಲ ಹೇಳಿ ನಗುತ್ತಿದ್ದರು. ಮೊದಲು ಹಾಜಿಮಲಂಗ್‌ನ ಚೇಷ್ಟೆ ಎಂದುಕೊಂಡು ಅವನ ಅಂಗಿ ಹಿಡಿದೆ. ಯಂತ್ರ ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ. ಒಂದು ವಾರ ಉಣ್ಣಲಿಲ್ಲ. ಒಂದು ಮಧ್ಯಾಹ್ನ ಹಳಿಯ ಪಕ್ಕದ ದಾರಿ ಹಿಡಿದು ವಾಡಿಯ ಕಡೆಗೆ ನಡೆದುಬಿಟ್ಟೆ.

ನೀನು ಹಿಂದೆ ಬಂದೆ. ಕರೆಯಲಿಲ್ಲ, ಬೈಯಲಿಲ್ಲ, ಕೈ ಹಿಡಿಯಲಿಲ್ಲ. ಹತ್ತು ಕಿಲೋಮೀಟರ್ ಬಿಸಿಲಲ್ಲಿ, ಇಪ್ಪತ್ತು ಹೆಜ್ಜೆ ಹಿಂದೆ. ವಾಡಿ ಜಂಕ್ಷನ್ನಿನಲ್ಲಿ ನಾನು ಒಂದು ಬೆಂಚಿನ ಮೇಲೆ ಕೂತರೆ ನೀನು ಮುಂದಿನ ಬೆಂಚಿನ ಮೇಲೆ ಕೂತೆ. ಗಾಡಿಗಳು ಬಂದವು, ಹೋದವು. ಸಿಪಾಯಿ ಬಂದು "ಯಾರವ್ವ ಇಂವ?" ಎಂದು ಕೇಳಿದ. "ನನ್ನ ಮಗ ರೀ. ಸ್ವಲ್ಪ ಕುಂದ್ರಲಿ ಬಿಡ್ರಿ, ತಾನ ಏಳ್ತಾನ" ಎಂದೆ. ನಾನು ಎದ್ದೆ. ಅವತ್ತು ಯಾರಾದರೂ ನನ್ನನ್ನು ಮುಟ್ಟಿ ಎಬ್ಬಿಸಿದ್ದರೆ ಹಳಿಗೆ ಹಾರಿಬಿಡುತ್ತಿದ್ದೆ. ನಿನಗೆ ಯಾವ ತರಬೇತಿಯಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮರುವಾರ ನೀನೇ ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಣ್ಣ ಆಗ ರಜೆ ಇಲ್ಲ ಎಂದಿದ್ದ.

ಇದು ತಾಯಿಯಿಂದಲೇ ಬರುತ್ತದೆಯೇ ಎಂದು ಹೋದ ತಿಂಗಳು ಡಾಕ್ಟರರನ್ನು ಕೇಳಿದೆ. ಅಣ್ಣ ಗುಳಿಗೆ ತರಲು ಹೊರಗೆ ಹೋಗಿದ್ದ. "ಅದು ಹಳೇ ಮಾತಪ್ಪಾ. ಒಂದು ಕಾಲಕ್ಕ ನಮ್ಮವರೂ ಹೇಳತಿದ್ರು, ಎಷ್ಟೋ ತಾಯಂದಿರನ್ನ ಅಳಿಸಿದ್ರು. ಪುರಾವೆ ಸಿಗಲಿಲ್ಲ, ಬಿಟ್ರು. ರಕ್ತದಾಗಿಂದು ಒಂದಷ್ಟು, ಮೆದುಳಿನದು ಒಂದಷ್ಟು, ಬದುಕಿನ ಪೆಟ್ಟು ಒಂದಷ್ಟು. ಇದೇ ಕಾರಣ ಅಂತ ಒಂದನ್ನ ತೋರಸಾಕ ನನಗೂ ಆಗೂದಿಲ್ಲ" ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ರೋಗ ತಾಯಿಯಿಂದ ಬರುವುದಿಲ್ಲ. ಆದರೆ ಬಂದ ಮೇಲೆ ಮನೆಯವರು ದಿನಾ ತಪ್ಪು ಎಣಿಸುತ್ತಾ, ಚುಚ್ಚುತ್ತಾ ಇದ್ದರೆ ಮತ್ತೆ ಮತ್ತೆ ಮರಳುತ್ತದೆ ಎಂದು. ನಾನು ಖುಷಿಯಿಂದ ಬಸ್ಸಿನಲ್ಲಿ ಅಣ್ಣನಿಗೆ ಪೂರಾ ಹೇಳಿದೆ. ಅವನು ಅರ್ಧ ಮಾತ್ರ ಕೇಳಿಸಿಕೊಂಡ. "ಅದ ನಾನೂ ಹೇಳಲಿಕತ್ತೀನಿ. ಅವ್ವ ದೂರ ಇದ್ದರ ಛಲೋ" ಎಂದ. ಚುಚ್ಚುವವರು ಯಾರು ಎಂದು ಡಾಕ್ಟರರು ಕೇಳಿರಲಿಲ್ಲ. ನಾನು ಚಹಾ ಲೋಟ ಯಾವ ಕೈಯಲ್ಲಿ ಹಿಡಿದೆ, ಎಷ್ಟು ಹೊತ್ತು ಕನ್ನಡಿ ನೋಡಿದೆ ಎಂದು ದಿನಾ ಸಂಜೆ ಗಾಡಿ ಇಳಿದು ಬಂದು ವಿಚಾರಿಸುವವನು ಯಾರು ಎಂದು ನಾನೂ ಹೇಳಲಿಲ್ಲ. ಅವನು ಕೆಟ್ಟವನಲ್ಲ. ನನ್ನನ್ನು ಮದುವೆ ಮನೆಗಳಿಗೆ ಕರೆದುಕೊಂಡು ಹೋಗಲು ನಾಚುತ್ತಾನೆ, ಆ ನಾಚಿಕೆಗೆ ಅವನಿಗೊಂದು ಕಾರಣ ಬೇಕಾಗಿತ್ತು. ಹಾಳೆಯಲ್ಲಿ ಸಿಕ್ಕಿತು.

ಆದರೆ ನನ್ನ ದೊಡ್ಡ ಸಿಟ್ಟು ಅವನ ಮೇಲಲ್ಲ. ನಿನ್ನ ಮೇಲೆ. ಮಾವನನ್ನು ಕರೆಸಿದವನು ಅಣ್ಣ, ಚೀಲ ಕಟ್ಟಿದವಳು ನೀನು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡದೆ ಹೇಳಿದೆ, "ನಾ ದೂರ ಇದ್ರ ನೀ ಉಳೀತಿ ಅಂತಪ್ಪಾ. ನನ್ನ ದನಿ ಕೇಳಬಾರದಂತ." ಒಂಬತ್ತು ವರ್ಷ ನನ್ನ ಜೊತೆ ಇದ್ದವಳು, ಮೂರು ದಿನದ ತರಬೇತಿಯನ್ನು ನಂಬಿದೆ. ಅವನ ಹತ್ತಿರ ಓದಿದ ಹಾಳೆ ಇತ್ತು, ನನ್ನ ಹತ್ತಿರ ಗುಳಿಗೆ ಚೀಟಿ ಇತ್ತು, ಅದಕ್ಕೇ ಅಲ್ಲವೇ? "ನನ್ನಿಂದ ನಿನಗ ಹಿಂಗಾತೇನು" ಎಂದು ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ಹುಚ್ಚನಿರಬಹುದು, ಸಾಕ್ಷಿಯೂ ನಾನೇ ಇದ್ದೆ. ನೀನೂ ಕೇಳಲಿಲ್ಲ. ನೀನು ತಪ್ಪೊಪ್ಪಿಕೊಂಡರೆ ನಾನು ವಾಸಿಯಾಗುತ್ತೇನೆಂದು ತಿಳಿದೆ. ನಿನ್ನ ಆ ಆಸೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಕಹಿಯಾಗಿದೆ.

ಇನ್ನು ಬರೆಯುವುದಿಲ್ಲ. ಬರೆದದ್ದೇ ಜಾಸ್ತಿಯಾಯಿತು. ಬೆನ್ನಿಗೆ ಬಿಸಿಲು ಬೀಳದಂತೆ ಸೆರಗು ಹೊದ್ದು ಕೂಡು. ಮಾವನಿಗೆ ನನ್ನ ನಮಸ್ಕಾರ ಹೇಳು, ಹೇಳಬೇಕೆನಿಸಿದರೆ. ನಿನ್ನ ಆಶೀರ್ವಾದ ಇರಲಿ. ಸಿಟ್ಟಿನಲ್ಲಿ ಬರೆದೆನೆಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ.

ನಿನ್ನವನೇ,
ರೇವಣಸಿದ್ದ

ಮ.ವಿ.: ಲಾರಿಗೆ ಕಲ್ಲು ಏರಿಸಿ ಮುಗಿಯಿತು, ಹಾಜಿಮಲಂಗ್ ಹಾರ್ನ್ ಹೊಡೆಯುತ್ತಿದ್ದಾನೆ. ಅವ್ವಾ, ಆರಾಮಿದ್ದೇನೆಂದು ಎಲ್ಲೂ ಬರೆಯಲಿಲ್ಲ, ಗಮನಿಸಿದೆಯಾ? ಗುಳಿಗೆ ಒಂದೂ ಬಿಟ್ಟಿಲ್ಲ, ನಿನ್ನಾಣೆ. ಆದರೂ ಎಂಟು ದಿನದಿಂದ ಮತ್ತೆ ಕೇಳಿಸಲಿಕ್ಕೆ ಹತ್ತಿದೆ. ಈ ಸಲ ಗಂಡಸರಲ್ಲ. ನಿನ್ನ ದನಿ. "ರೇವ್ಯಾ, ಉಂಡ್ಯೇನೋ?" ಅನ್ನುತ್ತದೆ, ಅಷ್ಟೇ. ಕೆಟ್ಟದ್ದು ಒಂದೂ ಅನ್ನುವುದಿಲ್ಲ. ನಿನ್ನೆ ಎದ್ದು ಬಾಗಿಲ ತನಕ ಹೋಗಿದ್ದೆ. ಅಣ್ಣನಿಗೆ ಹೇಳಿಲ್ಲ. ಹೇಳಿದರೆ ಅದನ್ನೂ ನಿನ್ನ ಹೆಸರಿಗೇ ಬರೆದುಕೊಳ್ಳುತ್ತಾನೆ. ಮಂಗಳವಾರ ಆಸ್ಪತ್ರೆಯ ದಿನ. ಡಾಕ್ಟರರಿಗೆ ಹೇಳುತ್ತೇನೆ, ಆದರೆ ಪಕ್ಕದಲ್ಲಿ ನೀನು ಇರಬೇಕು. ಹಾಜಿಮಲಂಗ್ ನಾಳೆ ಖಾಲಿ ಲಾರಿ ತಿರುಗಿಸಿಕೊಂಡು ಬರುತ್ತಾನೆ, ಮುಂದೆ ಕೂರಲು ಜಾಗ ಇದೆ. ಮಾವನನ್ನು ಕೇಳಬೇಡ, ಹತ್ತಿ ಬಾ. ನಾನು ಉಂಡೆನೋ ಇಲ್ಲವೋ ನೀನೇ ಬಂದು ಕೇಳು.