ಮಕ್ಕಳ ವಿಮೆ ಮತ್ತು ನನ್ನ ಸಹಿ

ಪುಟ್ಟಿಯ ಅಮ್ಮನಿಗೆ,

ಮಗಳ ಉಬ್ಬಸ ಹೇಗಿದೆ? ಖರ್ಚಿಗೆ ಹೆದರಿ ನೀನು ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದ್ದೀಯ ಎಂದು ನಿನ್ನ ತಮ್ಮ ಹೇಳಿದ.

ಮಕ್ಕಳ ಆರೋಗ್ಯ ವಿಮೆಯ ಮಸೂದೆ ನಿನ್ನೆ ಪಾಸಾಯಿತು. ಅದರ ಖರ್ಚಿಗೆಂದು ಸಿಗರೇಟಿನ ತೆರಿಗೆ ಏರಿಸಿದ್ದಾರೆ. ನಮ್ಮ ಬಸ್ ಡಿಪೋದಲ್ಲಿ ಇಡೀ ದಿನ ಇದೇ ಚರ್ಚೆ. "ಎಲ್ಲರೂ ಸೇದೋದು ಬಿಟ್ಟುಬಿಟ್ರೆ ಮಕ್ಕಳ ಗತಿ ಏನ್ರೋ?" ಎಂದು ಮೇಸ್ತ್ರಿ ಕೇಳಿದರು.

"ನಾನಿಲ್ವಾ ಸಾರ್? ಇನ್ಮೇಲೆ ನಾನು ಸೇದೋದು ಸಮಾಜಸೇವೆ!" ಎಂದ ಟೈರ್ ಬದಲಿಸುವವನು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಪತ್ರಿಕೆಯ ವರದಿಯನ್ನು ಪೂರ್ತಿ ಓದಿದೆ.

ತೆರಿಗೆಯ ಹಣ ಎಲ್ಲ ಮಕ್ಕಳಿಗೂ ಸಾಲದೆಂದು ಹೆತ್ತವರ ಆದಾಯಕ್ಕೆ ಮಿತಿ ಹಾಕಿದ್ದಾರೆ. ನಮ್ಮಿಬ್ಬರ ಸಂಬಳ ಕೂಡಿದರೆ ಪುಟ್ಟಿಗೆ ವಿಮೆ ಸಿಗುವುದಿಲ್ಲ. ವಿಚ್ಛೇದನವಾಗಿದ್ದರೆ ಮಗುವನ್ನು ಸಾಕುವವರ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ. ನೀನು ಕಳಿಸಿದ ವಿಚ್ಛೇದನದ ಅರ್ಜಿಗೆ ನಾನು ಇಷ್ಟು ದಿನ ಸಹಿ ಹಾಕಿರಲಿಲ್ಲ. ಇಂದಲ್ಲ ನಾಳೆ ನೀವಿಬ್ಬರೂ ವಾಪಸ್ ಬರುತ್ತೀರಿ ಎಂದುಕೊಂಡು, ಮನೆ ಬದಲಿಸಿದಾಗಲೂ ಮೂವರಿಗೆ ಸಾಲುವಂಥದನ್ನೇ ಹಿಡಿದೆ.

ಈಗ ಸಹಿ ಹಾಕಿದ್ದೇನೆ. ಅರ್ಜಿ ಇದರ ಜೊತೆಗಿದೆ. ಕೈಸೇರಿದ ಕೂಡಲೇ ವಕೀಲರಿಗೆ ಕೊಡು, ತಡಮಾಡಬೇಡ.

ಚಿಕಿತ್ಸೆಯ ದಿನ ಗೊತ್ತಾದಾಗ ಒಂದು ಮಾತು ತಿಳಿಸು. ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಪುಟ್ಟಿ ಕೇಳಿದರೆ ಮಾತ್ರ ಒಳಗೆ ಕರೆ.

ಪುಟ್ಟಿಯ ಅಪ್ಪ