ಮೆನಾಶೆ ಎಂದು ಕೂಗಿದ್ದು

ನನ್ನ ಹೊಟ್ಟೆಯ ಕೂಸೇ, ಮೆನಾಶೆ,

ನಿನ್ನ ಹಾಸಿಗೆಯಡಿ ಅಪ್ಪನ ಕೊಡಲಿ ಸಿಕ್ಕಿತು. ಚೆನ್ನಾಗಿ ಮಸೆದಿದ್ದೀಯ. ಪಂತೆಲೈ ನಾಳೆ ಸಂತೆಗೆ ಬರುತ್ತಾನೆಂದು ನನಗೂ ಗೊತ್ತು. ಎದುರು ನಿಂತು ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಪ್ಪ ಝೇಲಿಗ್ ಹೇಗೆ ಸತ್ತನೆಂದು ಚಿಕ್ಕಪ್ಪ ಹಿರ್ಷ್ ಹೇಳಿದನಂತೆ. ಅವನೇನು ಕಂಡಿದ್ದಾನೆ, ಮಣ್ಣು! ಕಂಡವಳು ನಾನು. ನಮ್ಮವರನ್ನು ಕೊಲ್ಲಲು ಕುದುರೆ ಸವಾರರು ಯೆಹೂದಿ ಬೀದಿಗೆ ನುಗ್ಗಿದಾಗ ಝೇಲಿಗ್, ತುಂಬು ಬಸುರಿಯಾಗಿದ್ದ ನನ್ನನ್ನು ತಾನೇ ಮಾಡಿದ ಪೀಪಾಯಿಯೊಳಗೆ ಕೂರಿಸಿ ಮುಚ್ಚಳ ಹಾಕಿದ. ಅವರಿಗೆ ದಾರಿ ತೋರಿಸಿಕೊಂಡು ಬಂದವನು ಪಂತೆಲೈ, ವರ್ಷವರ್ಷವೂ ನಮ್ಮಲ್ಲೇ ಪೀಪಾಯಿ ಕೊಳ್ಳುತ್ತಿದ್ದವನು. "ನಿನ್ನ ಪೀಪಾಯಿ ಸೋರಲ್ಲ ಕಣೋ ಝೇಲಿಗ್. ನೀನು ಸೋರ್ತೀಯೇನೋ ನೋಡೋಣ!" ಎಂದು ನಗುತ್ತ ಇದೇ ಕೊಡಲಿಯನ್ನು ಕಿತ್ತುಕೊಂಡು ಅವನ ಕುತ್ತಿಗೆಗೆ ಬೀಸಿದ. ಒಂದೇ ಏಟಿಗೆ ಪ್ರಾಣ ಹೋಗಲಿಲ್ಲ. ಮುಚ್ಚಳದ ಸಂದಿಯಿಂದ ಎಲ್ಲವನ್ನೂ ನೋಡಿದೆ. ಕೂಗದಿರಲು ನನ್ನ ಕೈಯನ್ನೇ ಎಲುಬಿನವರೆಗೆ ಕಚ್ಚಿದೆ. ನೀನು ಚಿಕ್ಕವನಿದ್ದಾಗ ಮುಟ್ಟಿ ಮುಟ್ಟಿ ಕೇಳುತ್ತಿದ್ದ ಗಾಯದ ಕಲೆ ಅದೇ.

ಸುನ್ನತಿ ಮಾಡಿ ಹೆಸರಿಡುವ ಶಾಸ್ತ್ರದ ಹಿಂದಿನ ರಾತ್ರಿ ಕೂಸಿಗೆ ಪೀಡೆ ತಟ್ಟದಿರಲೆಂದು ಬಾಣಂತಿಯ ದಿಂಬಿನಡಿ ಚಾಕು ಇಡುತ್ತಾರಲ್ಲ, ನೀನು ಹುಟ್ಟಿದಾಗ ನಾನು ಪಂತೆಲೈ ಎಸೆದುಹೋದ ಈ ಕೊಡಲಿಯನ್ನೇ ಇಟ್ಟುಕೊಂಡೆ. ಪೀಡೆ ಓಡಿಸಲಿಕ್ಕಲ್ಲ. ಶಾಸ್ತ್ರ ಮುಗಿದ ಕೂಡಲೇ ನಿನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ಪಂತೆಲೈನ ತಲೆ ಸೀಳಲು ಹೊರಡುವವಳಿದ್ದೆ.

ಆ ರಾತ್ರಿ ಕೋಣೆಯ ಹೊರಗೆ ಹಿರ್ಷ್, "ಅಪ್ಪನ ಹೆಸರೇ ಇಡಿ. ಕೇಳಿದಾಗಲೆಲ್ಲ ಇವನ ರಕ್ತ ಕುದೀಬೇಕು" ಎನ್ನುತ್ತಿದ್ದ. "ಕೊಲೆಯಾದವನ ಹೆಸರನ್ನ ಕೂಸಿಗೆ ಕಟ್ತಾರೇನೋ, ಮುಠ್ಠಾಳ?" ಎಂದು ಅಜ್ಜಿ ಬೈದಳು. ಅಷ್ಟರಲ್ಲಿ ನೀನು ಚೀರಿದೆ. ಕೊಡಲಿಯ ಕಾವು ಹಿಡಿದಿದ್ದ ನನ್ನ ಕೈ ಸಡಿಲಿತು. ಕೋಣೆಯೊಳಗಿಂದಲೇ ಕೂಗಿದೆ: "ಮೆನಾಶೆ! ಮೆನಾಶೆ ಅಂತ ಇಡಿ!"

ಮರೆಯುವಂತೆ ಮಾಡುವವನು ಎಂದು ಅದರ ಅರ್ಥ. ನಮ್ಮ ಧರ್ಮಗ್ರಂಥದಲ್ಲಿ, ಅಣ್ಣಂದಿರು ಗುಂಡಿಗೆ ತಳ್ಳಿ ಮಾರಿದ ಯೋಸೇಫ, ಚೊಚ್ಚಲ ಮಗ ಹುಟ್ಟಿದಾಗ, ದೇವರು ನನ್ನ ಕಷ್ಟವನ್ನೆಲ್ಲ ಮರೆಸಿದ ಎಂದು ಇಟ್ಟ ಹೆಸರು. ಅವನು ಮರೆತಿರಲಿಲ್ಲ, ಮಗನೇ. ತಾನು ನಾಡಿನ ಅಧಿಪತಿಯಾದ ಮೇಲೆ ಅಣ್ಣಂದಿರು ಧಾನ್ಯ ಬೇಡಿ ಎದುರಿಗೆ ಬಂದಾಗ ಒಳಕೋಣೆಗೆ ಹೋಗಿ ಅತ್ತ. ಆದರೆ ಅವರ ಕೊರಳು ಕೊಯ್ಯಲಿಲ್ಲ.

ನಾನೂ ಏನೂ ಮರೆತಿಲ್ಲ. ಸಂತೆಯಲ್ಲಿ ಪಂತೆಲೈ ಕಂಡಾಗಲೆಲ್ಲ ನನ್ನ ಕೈ ಕೊಡಲಿ ಹುಡುಕುತ್ತದೆ. ಆಗೆಲ್ಲ "ಮೆನಾಶೆ, ಬಾರೋ ಮನೆಗೆ" ಎಂದು ನಿನ್ನನ್ನು ಕೂಗಿ ಎಳೆದುಕೊಂಡು ಬಂದಿದ್ದೇನೆ. ಸುಮ್ಮಸುಮ್ಮನೆ ಕೂಗುತ್ತೀಯ ಎಂದು ನೀನು ರೇಗುತ್ತಿದ್ದೆ.

ಕೊಡಲಿ ಇದ್ದಲ್ಲೇ ಇದೆ. ಬಚ್ಚಿಟ್ಟರೆ ಇನ್ನೊಂದು ತರುತ್ತೀಯ. ನಾಳೆ ನೀನು ಅವನನ್ನು ಕೊಂದು, ಅವನ ಜನ ನಿನ್ನನ್ನು ಕೊಂದರೆ, ನನ್ನ ಕೈ ಕೊಡಲಿ ಹುಡುಕುವಾಗ ನಾನು ಯಾರನ್ನು ಕೂಗಲಿ?

ಬದುಕಿರು, ನನ್ನಪ್ಪಾ. ನಿನ್ನ ಮಕ್ಕಳ ಹೆಸರು ನನ್ನ ಕಿವಿಗೆ ಬೀಳಲಿ.

ನಿನ್ನ ಅಮ್ಮ,
ಫ್ರಾದ್ಲ್